ಬಸುರಿ ವಾಂತಿ: ‘ಎಲ್ಲರಿಗೂ ಆಗೋದೇ’ ಅನ್ನುವ ಮೊದಲು

ಬಸಿರಿನ ಸುದ್ದಿ ಹೇಳಲು ನಮ್ಮ ಸಿನಿಮಾದವರಿಗೆ ಹತ್ತು ಸೆಕೆಂಡು ಸಾಕು. ನಾಯಕಿ ಬಾಯಿಗೆ ಸೆರಗು ಒತ್ತಿಕೊಂಡು ಬಚ್ಚಲಿಗೆ ಓಡುತ್ತಾಳೆ, ಒಂದು ಸಲ ಓಕರಿಸುತ್ತಾಳೆ, ಅತ್ತೆಯ ಮುಖದಲ್ಲಿ ನಗು ಅರಳುತ್ತದೆ. ಮುಂದಿನ ದೃಶ್ಯದಲ್ಲಿ ಹಸಿರು ಬಳೆ, ಸೀಮಂತ, ಮಾವಿನಕಾಯಿ. ನಡುವಿನ ಮೂರು-ನಾಲ್ಕು ತಿಂಗಳು ಎಡಿಟಿಂಗ್ ಟೇಬಲ್ಲಿನಲ್ಲೇ ಹಾರಿಹೋಗಿರುತ್ತದೆ. ಈ ಲೇಖನ ಹಾಗೆ ಹಾರಿಹೋದ ತಿಂಗಳುಗಳ ಬಗ್ಗೆ.

ನಾನು ದಾವಣಗೆರೆಯವಳು. ಎಂ.ಟೆಕ್ ಮುಗಿಸಿ ಕೆಲಸಕ್ಕೆ ಅಂತ ಪುಣೆಗೆ ಬಂದು, ಮದುವೆಯಾಗಿ ಇಲ್ಲೇ ವಾಕಡ್‌ನಲ್ಲಿ ನೆಲೆಸಿದವಳು. 2018ರಲ್ಲಿ ನಾನು ಗರ್ಭಿಣಿಯಾದಾಗ ತೂಕ 56 ಕೆ.ಜಿ. ಇತ್ತು. ಆರನೇ ವಾರದಲ್ಲಿ ಶುರುವಾದ ವಾಂತಿ ಮುಗಿಯುವಷ್ಟರಲ್ಲಿ ಮೂರು ಸಲ ಆಸ್ಪತ್ರೆ ಸೇರಿದ್ದೆ, ತೂಕ 49.5ಕ್ಕೆ ಇಳಿದಿತ್ತು. ಮಗಳು ಈಗ ಎರಡನೇ ಕ್ಲಾಸು. ಇಷ್ಟು ವರ್ಷ ಬಿಟ್ಟು ಈಗ ಬರೆಯಲು ಕಾರಣವಿದೆ. ನಮ್ಮ ಕನ್ನಡದ ಬಳಗದ ಒಬ್ಬ ಹುಡುಗಿ ಈಚೆಗೆ ರಾತ್ರಿ ಎರಡು ಗಂಟೆಗೆ ನನಗೊಂದು ಮೆಸೇಜು ಕಳಿಸಿದ್ದಳು. “ಅಕ್ಕಾ, ನಿಮಗೂ ಹೀಗೇ ಆಗಿತ್ತಂತೆ. ನೀರು ಕುಡಿದರೂ ಆಚೆ ಬರ್ತಿದೆ. ಇಲ್ಲಿ ಯಾರೂ ನಂಬ್ತಿಲ್ಲ, ಎಲ್ಲರಿಗೂ ಆಗೋದೇ ಅಂತಾರೆ.” ಅವಳಿಗೆ ಬರೆದ ಉತ್ತರವೇ ಉದ್ದವಾಗಿ ಹೀಗಾಯಿತು.

ಇದಕ್ಕೊಂದು ಹೆಸರಿದೆ

‘ಎಲ್ಲರಿಗೂ ಆಗೋದೇ’ ಅನ್ನುವ ಮಾತು ಅರ್ಧ ನಿಜ. ಹತ್ತು ಬಸುರಿಯರಲ್ಲಿ ಏಳೆಂಟು ಮಂದಿಗೆ ಒಂದಷ್ಟು ವಾಕರಿಕೆ, ವಾಂತಿ ಇದ್ದೇ ಇರುತ್ತದೆ. ನಾಲ್ಕರಿಂದ ಏಳನೇ ವಾರದೊಳಗೆ ಶುರುವಾಗಿ, ಒಂಬತ್ತನೇ ವಾರದ ಆಸುಪಾಸಿನಲ್ಲಿ ಜೋರಾಗಿ, ನಾಲ್ಕು-ಐದು ತಿಂಗಳಾಗುವಷ್ಟರಲ್ಲಿ ಹೆಚ್ಚಿನವರಿಗೆ ತಾನಾಗಿ ನಿಲ್ಲುತ್ತದೆ. ‘ಮಾರ್ನಿಂಗ್ ಸಿಕ್‌ನೆಸ್’ ಅನ್ನುವ ಹೆಸರನ್ನು ಯಾರು ಇಟ್ಟರೋ, ಅದು ಬೆಳಿಗ್ಗೆಗೆ ಮಾತ್ರ ಬರುವ ಕಾಯಿಲೆಯಲ್ಲ. ಮಧ್ಯಾಹ್ನಕ್ಕೂ ಬರುತ್ತದೆ, ನಡುರಾತ್ರಿಗೂ ಬರುತ್ತದೆ.

ಉಳಿದರ್ಧವನ್ನು ಯಾರೂ ಹೇಳುವುದಿಲ್ಲ. ನೂರರಲ್ಲಿ ಒಬ್ಬರು, ಹೆಚ್ಚೆಂದರೆ ಮೂವರಿಗೆ ಇದು ಬೇರೆಯದೇ ರೂಪ ತಾಳುತ್ತದೆ. ಅನ್ನ ನೀರು ಯಾವುದೂ ನಿಲ್ಲುವುದಿಲ್ಲ, ಮೈಯಲ್ಲಿನ ನೀರಿನಂಶ ಆರಿಹೋಗುತ್ತದೆ, ಪೊಟ್ಯಾಶಿಯಂ ಸೋಡಿಯಂ ಏರುಪೇರಾಗುತ್ತವೆ, ತೂಕ ಇಳಿಯುತ್ತದೆ. ಇದಕ್ಕೆ ಡಾಕ್ಟರುಗಳು ‘ಹೈಪರ್‌ಎಮೆಸಿಸ್ ಗ್ರಾವಿಡಾರಮ್’ ಅನ್ನುತ್ತಾರೆ. ಸರಳವಾಗಿ ಹೇಳುವುದಾದರೆ ಬಸುರಿಯ ಅತಿವಾಂತಿ. ಬಸಿರಿಗೆ ಮುಂಚೆ ಇದ್ದ ತೂಕದಲ್ಲಿ ಶೇಕಡಾ 5ಕ್ಕಿಂತ ಹೆಚ್ಚು ಇಳಿದರೆ ಅದೊಂದು ಮುಖ್ಯ ಗುರುತು. 56 ಕೆ.ಜಿ.ಯ ನನಗೆ ಆ ಗೆರೆ 2.8 ಕೆ.ಜಿ. ನಾನು ಇಳಿದಿದ್ದು ಆರೂವರೆ.

2012ರಲ್ಲಿ ಬ್ರಿಟನ್ನಿನ ರಾಜಕುಮಾರ ವಿಲಿಯಂನ ಪತ್ನಿ ಕೇಟ್ ಇದೇ ಕಾರಣಕ್ಕೆ ಲಂಡನ್ನಿನ ಆಸ್ಪತ್ರೆ ಸೇರಿದಾಗ ಜಗತ್ತಿನ ಪತ್ರಿಕೆಗಳೆಲ್ಲ ಈ ಉದ್ದನೆಯ ಹೆಸರನ್ನು ಮುದ್ರಿಸಿದವು. ಅದಕ್ಕೂ ಹಿಂದೆ, 1855ರಲ್ಲಿ ‘ಜೇನ್ ಏರ್’ ಕಾದಂಬರಿಯ ಲೇಖಕಿ ಶಾರ್ಲೆಟ್ ಬ್ರಾಂಟಿ ಬಸಿರಿನ ಮೊದಲ ತಿಂಗಳುಗಳಲ್ಲಿ ತೀರಿಕೊಂಡಾಗ ಆಕೆಗೆ 38 ವರ್ಷ. ಮರಣಪತ್ರದಲ್ಲಿ ಕ್ಷಯ ಎಂದು ಬರೆದಿದ್ದರೂ, ನಿಲ್ಲದ ವಾಂತಿಯೇ ಆಕೆಯನ್ನು ಬಲಿ ತೆಗೆದುಕೊಂಡಿರಬೇಕು ಎಂದು ನಂಬುವವರು ಬಹಳ ಮಂದಿ. ಡ್ರಿಪ್ ಎಂಬುದು ಇಲ್ಲದ ಕಾಲದಲ್ಲಿ ಇದು ಕೊಲ್ಲುವ ಕಾಯಿಲೆಯಾಗಿತ್ತು.

ಒಗ್ಗರಣೆಯೇ ವೈರಿ

ನನಗೆ ಮೊದಲು ಎದುರು ನಿಂತದ್ದು ಕುಕ್ಕರ್. ಅನ್ನ ಬೇಯುವ ವಾಸನೆ ಇಷ್ಟು ಗಾಢವಾಗಿರುತ್ತದೆ ಎಂದು ಮೂವತ್ತೊಂದು ವರ್ಷ ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಇಂಗಿನ ಒಗ್ಗರಣೆ, ಆಮೇಲೆ ಕಾಫಿ ಡಿಕಾಕ್ಷನ್, ಆಮೇಲೆ ಟೂತ್‌ಪೇಸ್ಟು, ಸೋಪು, ಕಡೆಗೆ ಫ್ರಿಜ್ಜಿನ ಬಾಗಿಲು. ನಾಲ್ಕನೇ ಮಹಡಿಯ ನಮ್ಮ ಮನೆಗೆ ಕೆಳಗಿನ ಮೂರೂ ಮನೆಗಳ ಅಡುಗೆಯ ವಾಸನೆ ಲಿಫ್ಟಿನ ಜೊತೆ ಹತ್ತಿ ಬರುತ್ತಿತ್ತು. ಗಂಡ ಆಫೀಸಿನ ಕ್ಯಾಂಟೀನಿನಲ್ಲಿ ಉಂಡು, ಸ್ನಾನ ಮಾಡಿ, ವಾಸನೆಯಿಲ್ಲದ ಬಟ್ಟೆ ಹಾಕಿಕೊಂಡು ನನ್ನ ಕೋಣೆಗೆ ಬರಬೇಕಿತ್ತು. ಹಿಂಜವಡಿಗೆ ಹೋಗುವ ಕ್ಯಾಬಿನಲ್ಲಿ ಡ್ರೈವರಣ್ಣ ಪ್ರೀತಿಯಿಂದ ಇಟ್ಟ ಮಲ್ಲಿಗೆ ಏರ್ ಫ್ರೆಶ್‌ನರ್ ನನ್ನನ್ನು ಎರಡು ಸಲ ರಸ್ತೆ ಬದಿಗೆ ಇಳಿಸಿತು.

ಇನ್ನೊಂದು ಸಂಗತಿಯನ್ನು ಯಾವ ಪುಸ್ತಕವೂ ನನಗೆ ಮೊದಲೇ ಹೇಳಿರಲಿಲ್ಲ, ಅದು ಜೊಲ್ಲು. ಬಾಯಲ್ಲಿ ಸದಾ ನೀರೂರುತ್ತಿತ್ತು. ನುಂಗಿದರೆ ವಾಂತಿ, ಉಗುಳದಿದ್ದರೆ ಮಾತಾಡುವ ಹಾಗಿಲ್ಲ. ಒಂದು ಸ್ಟೀಲ್ ಲೋಟ, ಒಂದು ಟವೆಲ್ಲು ಮಗ್ಗುಲಲ್ಲೇ ಇರುತ್ತಿದ್ದವು. ಅತಿವಾಂತಿಯ ಜೊತೆ ಇದು ಬರುವುದು ಅಪರೂಪವೇನಲ್ಲ ಎಂದು ಆಮೇಲೆ ತಿಳಿಯಿತು.

ನಾನು ಟೆಸ್ಟಿಂಗ್ ಕೆಲಸದವಳು. ಲೆಕ್ಕ ಇಡದಿದ್ದರೆ ಜೀವಕ್ಕೆ ಸಮಾಧಾನವಿಲ್ಲ. ಮೊಬೈಲಿನಲ್ಲಿ ಒಂದು ಶೀಟ್ ಮಾಡಿಕೊಂಡೆ: ಎಷ್ಟು ಹೊತ್ತಿಗೆ ಏನು ಒಳಗೆ ಹೋಯಿತು, ಎಷ್ಟು ಹೊತ್ತಿಗೆ ಆಚೆ ಬಂತು, ಮೂತ್ರ ಎಷ್ಟು ಸಲ, ಯಾವ ಬಣ್ಣ, ಬೆಳಗಿನ ತೂಕ ಎಷ್ಟು. ಎಂಟನೇ ವಾರದ ಒಂದು ದಿನದ ಸಾಲು ಹೀಗಿದೆ: ವಾಂತಿ 17, ನೀರು ಸುಮಾರು 200 ಎಂ.ಎಲ್., ಮೂತ್ರ ಒಂದೇ ಸಲ, ಬಣ್ಣ ಕಡು ಹಳದಿ. ಹೊಟ್ಟೆಯಲ್ಲಿ ಏನೂ ಇಲ್ಲದಾಗ ಹಸಿರು ಪಿತ್ತ ಬರುತ್ತದೆ, ಅದೂ ಮುಗಿದರೆ ಗಂಟಲು ಗೀರಿ ಒಂದೆರಡು ಗೆರೆ ರಕ್ತ. ಈ ಶೀಟ್ ಮುಂದೆ ನನ್ನ ದೊಡ್ಡ ಸಾಕ್ಷಿಯಾಯಿತು.

ಇಬ್ಬರು ಡಾಕ್ಟರು

ಮೊದಲು ತೋರಿಸಿಕೊಂಡ ಡಾಕ್ಟರು ನನ್ನ ಮುಖ ನೋಡಿದ್ದು ಅರ್ಧ ನಿಮಿಷ. “ಬಸಿರು ರೋಗವಲ್ಲಮ್ಮ. ಬೆಳಿಗ್ಗೆ ಎದ್ದ ತಕ್ಷಣ ಬಿಸ್ಕತ್ತು ತಿನ್ನಿ, ಶುಂಠಿ ಕಷಾಯ ಕುಡೀರಿ, ಮನಸ್ಸನ್ನ ಬೇರೆ ಕಡೆ ತಿರುಗಿಸಿ.” ಅದರ ಜೊತೆಗೆ ಕಬ್ಬಿಣದ ಮಾತ್ರೆ. ಶುಂಠಿ ಸಣ್ಣಪುಟ್ಟ ವಾಕರಿಕೆಗೆ ಒಳ್ಳೆಯದೇ, ಅದಕ್ಕೆ ಆಧಾರವೂ ಇದೆ. ಆದರೆ ದಿನಕ್ಕೆ ಹದಿನೇಳು ಸಲ ವಾಂತಿ ಮಾಡುವ ಗಂಟಲಲ್ಲಿ ಶುಂಠಿ ಕಷಾಯ ವಾಪಸ್ ಬರುವಾಗ ಹೇಗಿರುತ್ತದೆ ಎಂದು ಅದನ್ನು ಕುಡಿದವಳಿಗೇ ಗೊತ್ತು. ಕಬ್ಬಿಣದ ಮಾತ್ರೆಯಂತೂ ವಾಕರಿಕೆಯನ್ನು ಹೆಚ್ಚಿಸುತ್ತದೆ. ವಾಂತಿ ಜೋರಿರುವಾಗ ಅದನ್ನು ಸ್ವಲ್ಪ ಕಾಲ ನಿಲ್ಲಿಸಿ, ಫೋಲಿಕ್ ಆಸಿಡ್ ಮಾತ್ರ ಮುಂದುವರಿಸುವುದು ರೂಢಿ.

ಎರಡನೇ ಡಾಕ್ಟರ ಬಳಿ ಗಂಡ ನನ್ನನ್ನು ಆಟೋದಲ್ಲಿ ಮಲಗಿಸಿಕೊಂಡು ಹೋದದ್ದು. ಆಕೆ ಮರಾಠಿಯವರು, ಅರವತ್ತರ ಹತ್ತಿರದ ವಯಸ್ಸು. ನನ್ನ ಶೀಟನ್ನು ಮೇಲಿಂದ ಕೆಳಗಿನವರೆಗೆ ಓದಿ, “ಬೇಟಾ, ಹೇ ಸಾಧ ನಾಹೀ,” ಅಂದರು. ‘ಇದು ಸಾಮಾನ್ಯದ್ದಲ್ಲ’ ಎಂಬ ಆ ಒಂದು ಮಾತಿಗೆ ನಾನು ಅತ್ತುಬಿಟ್ಟೆ. ಮೂರು ವಾರದಿಂದ ಎಲ್ಲರೂ ಇದು ಸಾಮಾನ್ಯ ಅಂತಲೇ ಹೇಳಿದ್ದರು.

ಅವತ್ತೇ ಅಡ್ಮಿಟ್. ಸ್ಕ್ಯಾನ್ ಮಾಡಿದರು. ಅವಳಿ ಮಕ್ಕಳಿದ್ದರೆ, ಇಲ್ಲವೇ ‘ಮೋಲಾರ್’ ಎಂಬ ಅಸಹಜ ಬಸಿರಾಗಿದ್ದರೆ ವಾಂತಿ ಹೆಚ್ಚಿರುತ್ತದೆ, ಅದನ್ನು ನೋಡಿಯೇ ಮುಂದುವರಿಯಬೇಕು. ರಕ್ತದಲ್ಲಿ ಸೋಡಿಯಂ, ಪೊಟ್ಯಾಶಿಯಂ, ಲಿವರು, ಥೈರಾಯ್ಡು ಪರೀಕ್ಷೆ ಆಯಿತು. ಮೂತ್ರದ ಸೋಂಕು ಇಲ್ಲವೆಂದು ಖಾತ್ರಿ ಮಾಡಿಕೊಂಡರು. ಆಮೇಲೆ ಸಲೈನ್, ಅದರಲ್ಲಿ ಪೊಟ್ಯಾಶಿಯಂ, ವಾಂತಿ ನಿಲ್ಲಿಸುವ ಇಂಜೆಕ್ಷನ್.

ಇಲ್ಲಿ ಓದುಗರು ನೆನಪಿಡಲೇಬೇಕಾದ ಒಂದು ವಿಷಯವಿದೆ. ನಮ್ಮ ಕಡೆ ಯಾವ ಡ್ರಿಪ್ ಹಾಕಿದರೂ ‘ಗ್ಲೂಕೋಸ್ ಹಾಕ್ಸಿದ್ರು’ ಅಂತಲೇ ಹೇಳುತ್ತೇವೆ. ವಾರಗಟ್ಟಲೆ ಊಟ ನಿಲ್ಲದ ಬಸುರಿಗೆ ನಿಜವಾಗಿಯೂ ಬರೀ ಗ್ಲೂಕೋಸ್ ಏರಿಸಿದರೆ ಅಪಾಯವಾಗಬಹುದು. ಮೈಯಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ಬಹಳ ದಿನಕ್ಕೆ ಆಗುವಷ್ಟು ದಾಸ್ತಾನು ಇರುವುದಿಲ್ಲ. ಗ್ಲೂಕೋಸನ್ನು ಶಕ್ತಿಯಾಗಿ ಬಳಸಲು ಇದು ಬೇಕೇಬೇಕು. ಖಾಲಿಯಾದ ಮೈಗೆ ಥಯಾಮಿನ್ ಕೊಡದೆ ಗ್ಲೂಕೋಸ್ ಕೊಟ್ಟರೆ, ಉಳಿದಿದ್ದ ಚೂರೂ ಖರ್ಚಾಗಿ ‘ವರ್ನಿಕೆ’ ಎಂಬ ಮಿದುಳಿನ ತೊಂದರೆ ಬರಬಹುದು. ಕಣ್ಣು ಎರಡೆರಡು ಕಾಣುವುದು, ನಡೆಯುವಾಗ ತೂರಾಡುವುದು, ಮಾತು ಗಲಿಬಿಲಿಯಾಗುವುದು ಇದರ ಲಕ್ಷಣ. ಮೊದಲು ಥಯಾಮಿನ್, ಆಮೇಲೆ ಬೇಕಾದರೆ ಗ್ಲೂಕೋಸ್ ಎಂಬುದು ನಿಯಮ. ನಿಮ್ಮವರು ಯಾರಾದರೂ ಇದಕ್ಕಾಗಿ ಅಡ್ಮಿಟ್ ಆದರೆ, “ಡಾಕ್ಟರೇ, ಥಯಾಮಿನ್ ಕೊಡ್ತಿದೀರಾ?” ಎಂದು ವಿನಯದಿಂದ ಒಂದು ಮಾತು ಕೇಳಿ. ಕೇಳಿದರೆ ತಪ್ಪೇನಿಲ್ಲ.

ಮಾತ್ರೆ ಎಂದರೆ ಭಯ

“ಮೂರು ತಿಂಗಳೊಳಗೆ ಮಾತ್ರೆ ತಗೋಬಾರ್ದು, ಕೂಸಿಗೆ ಆಗಲ್ಲ.” ಊರಿಂದ ಬಂದ ಪ್ರತಿ ಫೋನಿನಲ್ಲೂ ಇದೇ ಮಾತು. ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ಮಾತ್ರೆ ಮಾರುಕಟ್ಟೆಗೆ ಬಂತು. ನಿದ್ದೆಗೆ, ಆಮೇಲೆ ಬಸುರಿಯರ ವಾಕರಿಕೆಗೆ ಎಂದು ಹಲವು ದೇಶಗಳಲ್ಲಿ ಕೊಟ್ಟರು. ಕೈಕಾಲು ಬೆಳೆಯದ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಹುಟ್ಟಿದ ಮೇಲೆ, 1961ರ ಕೊನೆಯಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಎಂಬ ಅಧಿಕಾರಿ ‘ಸಾಕಷ್ಟು ಪುರಾವೆ ಕೊಡಿ’ ಎಂದು ಹಟ ಹಿಡಿದು ಪರವಾನಗಿ ತಡೆದದ್ದರಿಂದ ಅಲ್ಲಿಯ ಮಕ್ಕಳು ಬಹುಮಟ್ಟಿಗೆ ಉಳಿದುಕೊಂಡರು.

ಆದರೆ ಈ ಕತೆಗೆ ಇನ್ನೊಂದು ಅಧ್ಯಾಯವಿದೆ, ಅದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಡಾಕ್ಸಿಲಮೀನ್ ಮತ್ತು ಬಿ6 ವಿಟಮಿನ್ ಸೇರಿದ ಮಾತ್ರೆಯೊಂದು ಅಮೆರಿಕದಲ್ಲಿ 1956ರಿಂದಲೇ ಇತ್ತು. ಥಾಲಿಡೊಮೈಡ್‌ನ ಭಯದ ನೆರಳಿನಲ್ಲಿ ಅದರ ಮೇಲೂ ಸಾಲು ಸಾಲು ಮೊಕದ್ದಮೆಗಳು ಬಿದ್ದು, ತಯಾರಕರು 1983ರಲ್ಲಿ ಅದನ್ನು ನಿಲ್ಲಿಸಿಬಿಟ್ಟರು. ಮಕ್ಕಳಿಗೆ ತೊಂದರೆ ಮಾಡುತ್ತದೆ ಎಂದು ಅಧ್ಯಯನಗಳಲ್ಲಿ ಕಂಡಿರಲಿಲ್ಲ. ಮತ್ತೆ ಅದೇ ಜೋಡಿಗೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 2013ರಲ್ಲಿ. ಮೂವತ್ತು ವರ್ಷ ಅಮೆರಿಕದ ಬಸುರಿಯರು ಬಿಸ್ಕತ್ತು ತಿಂದುಕೊಂಡೇ ಕಳೆದರು. ಈ ಮಾತ್ರೆ ನಮ್ಮ ಮೂಲೆಯ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ, ನಮ್ಮ ಡಾಕ್ಟರುಗಳು ಸಾಮಾನ್ಯವಾಗಿ ಮೊದಲು ಬರೆದುಕೊಡುವುದೂ ಇದನ್ನೇ.

ಇದಕ್ಕೂ ಜಗ್ಗದಿದ್ದರೆ ಬೇರೆ ಔಷಧಗಳಿವೆ. ನನಗೆ ಒಂಡಾನ್ಸೆಟ್ರಾನ್ ಬೇಕಾಯಿತು. ಮೊದಲ ಮೂರು ತಿಂಗಳಲ್ಲಿ ಇದನ್ನು ತೆಗೆದುಕೊಂಡರೆ ಮಗುವಿಗೆ ಸೀಳುತುಟಿ ಇಲ್ಲವೇ ಸೀಳಂಗುಳ ಬರುವ ಸಾಧ್ಯತೆ ಹತ್ತು ಸಾವಿರಕ್ಕೆ ಸುಮಾರು ಮೂರರಷ್ಟು ಹೆಚ್ಚಬಹುದು ಎಂದು 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಹೇಳಿದೆ. ಡಾಕ್ಟರು ಇದನ್ನು ಮುಚ್ಚಿಡದೆ ಹೇಳಿ, “ನೀನು ಹೀಗೇ ಒಣಗುತ್ತಾ ಹೋದರೆ ಆಗುವ ಅಪಾಯ ಇದಕ್ಕಿಂತ ದೊಡ್ಡದು, ಯೋಚನೆ ಮಾಡಿ ಹೇಳು,” ಅಂದರು. ನಾವಿಬ್ಬರೂ ಯೋಚಿಸಿ ಒಪ್ಪಿದೆವು. ನಾನು ಔಷಧದ ಚೀಟಿ ಬರೆಯುತ್ತಿಲ್ಲ, ನಿಮ್ಮ ಡಾಕ್ಟರು ಹೇಳದೆ ಏನನ್ನೂ ನುಂಗಬೇಡಿ. ಆದರೆ ‘ಬಸಿರಿನಲ್ಲಿ ಔಷಧವೇ ಇಲ್ಲ’ ಎಂಬ ಮಾತನ್ನೂ ನುಂಗಬೇಡಿ.

ಮನಸ್ಸಿನ ಆಟವಲ್ಲ

ಕಳೆದ ಶತಮಾನದಲ್ಲಿ ಬಹಳ ಕಾಲ, ಅತಿವಾಂತಿ ಎಂದರೆ ಹೆಣ್ಣಿಗೆ ಒಳಗೊಳಗೇ ಈ ಮಗು ಬೇಡವಾಗಿದೆ ಎಂದು ದೊಡ್ಡ ದೊಡ್ಡ ವೈದ್ಯರೇ ಬರೆಯುತ್ತಿದ್ದರು. ಕೆಲವು ಕಡೆ ಅಂಥವರನ್ನು ಒಂಟಿಯಾಗಿ ಮಲಗಿಸಿ, ಮನೆಯವರನ್ನೂ ಬಿಡದೆ ‘ಸರಿದಾರಿಗೆ’ ತರುತ್ತಿದ್ದರಂತೆ. ‘ಮನಸ್ಸು ಗಟ್ಟಿ ಮಾಡ್ಕೋ’ ಎಂಬ ನಮ್ಮ ಮಾತೂ ಅದರ ತಂಗಿಯೇ.

ಉತ್ತರ ಸಿಕ್ಕಿದ್ದು ಈಚೆಗೆ. ಅಮೆರಿಕದ ಮಾರ್ಲೆನಾ ಫೆಜೊ ಎಂಬ ವಂಶವಾಹಿ ವಿಜ್ಞಾನಿ 1999ರಲ್ಲಿ ಸ್ವತಃ ಈ ಅತಿವಾಂತಿಯಿಂದ ಮಗುವನ್ನು ಕಳೆದುಕೊಂಡವರು. ಕಾರಣ ಹುಡುಕುವುದನ್ನೇ ತಮ್ಮ ಸಂಶೋಧನೆ ಮಾಡಿಕೊಂಡರು. 2018ರಲ್ಲಿ, ನಾನು ಟವೆಲ್ಲು ಹಿಡಿದು ಮಲಗಿದ್ದ ವರ್ಷವೇ, ಸಾವಿರಾರು ಹೆಂಗಸರ ಡಿಎನ್ಎ ಮಾಹಿತಿಯಿಂದ ಜಿಡಿಎಫ್15 ಎಂಬ ಪ್ರೊಟೀನಿನ ಕಡೆಗೆ ಅವರು ಬೆರಳು ತೋರಿಸಿದರು. 2023ರ ಡಿಸೆಂಬರಿನಲ್ಲಿ ಕೇಂಬ್ರಿಜ್‌ನ ಸ್ಟೀಫನ್ ಒ’ರಹಿಲಿ ಮತ್ತಿತರರ ಜೊತೆ ‘ನೇಚರ್’ ಪತ್ರಿಕೆಯಲ್ಲಿ ಪೂರ್ತಿ ಚಿತ್ರ ಬಂತು.

ಅದರ ಸಾರ ಇಷ್ಟು. ಬಸಿರಿನಲ್ಲಿ ಮಗುವಿನ ಕಡೆಯಿಂದ, ಅಂದರೆ ಮಾಸದಿಂದ, ಈ ಪ್ರೊಟೀನು ತಾಯಿಯ ರಕ್ತಕ್ಕೆ ಧಾರಾಳವಾಗಿ ಹರಿಯುತ್ತದೆ. ಮಿದುಳಿನ ಬುಡದಲ್ಲಿರುವ ವಾಂತಿಯ ಕೇಂದ್ರವನ್ನು ಅದು ತಟ್ಟುತ್ತದೆ. ಬಸಿರಿಗೆ ಮುಂಚೆ ಯಾರ ರಕ್ತದಲ್ಲಿ ಈ ಪ್ರೊಟೀನು ಕಡಿಮೆ ಇರುತ್ತದೋ, ಅವರ ಮೈಗೆ ಅದರ ರೂಢಿ ಇರುವುದಿಲ್ಲ. ಹಾಗಾಗಿ ಪ್ರವಾಹ ಬಂದಾಗ ಅವರು ತತ್ತರಿಸುತ್ತಾರೆ. ಖಾರವೇ ತಿನ್ನದೆ ಬೆಳೆದವರಿಗೆ ಬ್ಯಾಡಗಿಯ ಬದಲು ಗುಂಟೂರು ಮೆಣಸಿನಕಾಯಿ ಕೊಟ್ಟ ಹಾಗೆ. ಬೀಟಾ ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆ ಇರುವವರಲ್ಲಿ ಈ ಪ್ರೊಟೀನು ಹುಟ್ಟಿನಿಂದಲೇ ಹೆಚ್ಚು, ಅವರಿಗೆ ಬಸಿರಿನಲ್ಲಿ ವಾಂತಿ ಬಹಳ ಕಡಿಮೆ ಎಂಬುದೂ ಇದಕ್ಕೆ ಹೊಂದುತ್ತದೆ.

ಇದು ವಂಶವಾಹಿಯ ವಿಷಯವೂ ಹೌದು. ತಾಯಿಗೋ ಅಕ್ಕತಂಗಿಗೋ ಆಗಿದ್ದರೆ ನಮಗೂ ಆಗುವ ಸಾಧ್ಯತೆ ಹೆಚ್ಚು. ನಾನು ಎರಡನೇ ಸಲ ಅಡ್ಮಿಟ್ ಆದಾಗ ಅಮ್ಮ ಮೊದಲ ಬಾರಿಗೆ ಬಾಯಿಬಿಟ್ಟಳು: “ನಿನ್ನ ಹೊತ್ತಾಗ ನಂಗೂ ಹಿಂಗೇ ಆಗಿತ್ತು ಕಣೆ. ಐದು ತಿಂಗಳು ತವರಲ್ಲೇ ಬಿದ್ಕಂಡಿದ್ದೆ. ನಿಮ್ಮಜ್ಜಿ ಬಿಟ್ರೆ ಯಾರ್ಗೂ ಗೊತ್ತಿಲ್ಲ.” ಮೂವತ್ತೊಂದು ವರ್ಷ ಅದನ್ನು ಏಕೆ ಹೇಳಲಿಲ್ಲ ಎಂದರೆ, “ಅದ್ನೆಲ್ಲ ಏನು ಹೇಳೋದು” ಅಂದಳು. ಬಾಣಂತನದ ಕಟ್ಟುನಿಟ್ಟು, ಲೇಹ್ಯ, ಅಂಟಿನುಂಡೆ ಎಲ್ಲವನ್ನೂ ಮಗಳಿಗೆ ದಾಟಿಸುವ ನಾವು ಇದೊಂದನ್ನು ದಾಟಿಸುವುದಿಲ್ಲ.

ಹೊಟ್ಟೆಯಲ್ಲಿ ನಿಂತದ್ದು

ಔಷಧ ಹಿಡಿತಕ್ಕೆ ಬಂದ ಮೇಲಷ್ಟೇ ಊಟದ ಮಾತು. ಆಗಲೂ ‘ಪೌಷ್ಟಿಕ ಆಹಾರ’ ಎಂಬುದನ್ನು ಮರೆತು, ಯಾವುದು ನಿಲ್ಲುತ್ತದೋ ಅದನ್ನು ತಿನ್ನಬೇಕು. ಮೊದಲ ತಿಂಗಳುಗಳಲ್ಲಿ ಮಗುವಿಗೆ ಬೇಕಾದದ್ದು ಬಹಳ ಸ್ವಲ್ಪ. ನನಗೆ ನಿಂತದ್ದು ಇವು:

ಮಂಡಕ್ಕಿ. ಒಗ್ಗರಣೆ ಇಲ್ಲ, ಖಾರ ಇಲ್ಲ, ಬರೀ ಮಂಡಕ್ಕಿ. ದಾವಣಗೆರೆಯವಳನ್ನು ಕೊನೆಗೂ ಮಂಡಕ್ಕಿಯೇ ಕಾಪಾಡಿತು ಎಂದು ಮನೆಯಲ್ಲಿ ಈಗಲೂ ತಮಾಷೆ ಮಾಡುತ್ತಾರೆ.

ಅರಳು. ಭತ್ತದ ಅರಳನ್ನು ನೀರಿನಲ್ಲಿ ನೆನೆಸಿ, ಸೋಸಿ, ಚಿಟಿಕೆ ಉಪ್ಪು ಹಾಕಿ ಆರಿದ ಮೇಲೆ ಚಮಚದಲ್ಲಿ ಕುಡಿಯುವುದು. ವಾಂತಿಗೆ ಅರಳು ನಮ್ಮ ಅಜ್ಜಿಯರ ಮನೆಮದ್ದು. ಪುಣೆಯಲ್ಲೂ ಲಾಹ್ಯಾ ಎಂದು ಕೇಳಿದರೆ ಕಿರಾಣಿ ಅಂಗಡಿಯಲ್ಲಿ ಕೊಡುತ್ತಾರೆ.

ತಣ್ಣಗಿನದು. ಬಿಸಿ ಊಟದಿಂದ ವಾಸನೆ ಹೆಚ್ಚು ಏಳುತ್ತದೆ, ತಣ್ಣಗಿದ್ದರೆ ಕಡಿಮೆ. ಆರಿದ ಮೊಸರನ್ನ, ಕಲ್ಲಂಗಡಿ ಹೋಳು, ಓಆರ್‌ಎಸ್ ನೀರನ್ನು ಐಸ್ ಟ್ರೇಯಲ್ಲಿ ಗಟ್ಟಿ ಮಾಡಿ ಒಂದೊಂದೇ ಚೂರು ಚೀಪುವುದು.

ಕುಡಿಯುವುದು ಬೇರೆ, ತಿನ್ನುವುದು ಬೇರೆ. ಎರಡನ್ನೂ ಒಟ್ಟಿಗೆ ಮಾಡಿದರೆ ಎರಡೂ ಬರುತ್ತವೆ. ಹತ್ತು ನಿಮಿಷಕ್ಕೊಂದು ಚಮಚ ನೀರು. ಲೋಟ ಎತ್ತಿದರೆ ಕತೆ ಮುಗಿಯಿತು.

ಹಲ್ಲು. ವಾಂತಿಯಾದ ಕೂಡಲೇ ಹಲ್ಲುಜ್ಜಬಾರದು. ಹೊಟ್ಟೆಯ ಆಮ್ಲದಿಂದ ಹಲ್ಲಿನ ಮೇಲ್ಪದರ ಮೆತ್ತಗಾಗಿರುತ್ತದೆ, ಬ್ರಷ್ ಅದನ್ನೇ ಕೆರೆದು ತೆಗೆಯುತ್ತದೆ. ಚಿಟಿಕೆ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆಯ ಮೇಲೆ ಉಜ್ಜಿ.

ಕೆಳಗಿನ ಮನೆಯ ಕಾಕು ಒಂದು ದಿನ ಬಾಗಿಲು ತಟ್ಟಿ, “ಕಾಯ ಡೋಹಾಳೆ ಲಾಗಲೇ?” ಎಂದು ಕೇಳಿದರು. ನಮ್ಮ ಬಯಕೆಗೆ ಅವರ ಮಾತು ಡೋಹಾಳೆ. ನಮ್ಮ ಸೀಮಂತದ ಹಾಗೆ ಅವರದು ಡೋಹಾಳ ಜೇವಣ. ನನಗೆ ಯಾವ ಬಯಕೆಯೂ ಇಲ್ಲ, ಯಾರ ಮನೆಯ ಒಗ್ಗರಣೆಯೂ ಬೇಡ ಎಂದೆ. ನಕ್ಕು ಹೋದರು. ಮಾರನೇ ದಿನದಿಂದ ಅವರ ಅಡುಗೆಮನೆಯ ಕಿಟಕಿ ನಮ್ಮ ಕಡೆಗೆ ಮುಚ್ಚಿರುತ್ತಿತ್ತು. ನನಗೆ ಸಿಕ್ಕ ದೊಡ್ಡ ಉಡುಗೊರೆ ಅದು.

ಗುಟ್ಟು, ಆಫೀಸು, ರಜೆ

ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಎಂಬುದು ನಮ್ಮ ಪದ್ಧತಿ. ಗರ್ಭ ನಿಲ್ಲದೇ ಹೋದರೆ ಎಲ್ಲರಿಗೂ ಉತ್ತರ ಹೇಳುವ ನೋವು ತಪ್ಪಲಿ ಎಂಬ ಕಾಳಜಿ ಅದರ ಹಿಂದಿದೆ, ಅದನ್ನು ನಾನು ಹಳಿಯುವುದಿಲ್ಲ. ಆದರೆ ಅತಿವಾಂತಿ ಜೋರಾಗಿರುವುದೂ ಆ ಮೂರು ತಿಂಗಳಲ್ಲೇ. ಅತಿ ಹೆಚ್ಚು ಸಹಾಯ ಬೇಕಾದಾಗ ಅತಿ ಹೆಚ್ಚು ಗುಟ್ಟು.

ನಾನು ಎಂಟನೇ ವಾರದಲ್ಲೇ ಮ್ಯಾನೇಜರಿಗೆ ಹೇಳಿದೆ. ಬೆಳಗಿನ ಸ್ಟ್ಯಾಂಡಪ್ ಕಾಲ್‌ನಲ್ಲಿ ಮಾತಿನ ನಡುವೆ ಮ್ಯೂಟ್ ಮಾಡಿ ಓಡುವವಳನ್ನು ಎಷ್ಟು ದಿನ ‘ನೆಟ್‌ವರ್ಕ್ ಪ್ರಾಬ್ಲಂ’ ಕಾಪಾಡೀತು? ಅವರು ಕೆಲವು ವಾರ ಮನೆಯಿಂದ ಕೆಲಸಕ್ಕೆ ಒಪ್ಪಿದರು. ಆದರೆ ಎಚ್‌ಆರ್ ಕಡೆಯಿಂದ, “ಹೆರಿಗೆ ರಜೆಯನ್ನೇ ಈಗ ಉಪಯೋಗಿಸಿಕೊಳ್ಳಿ” ಎಂಬ ಸಲಹೆ ಬಂತು. 26 ವಾರಗಳ ಹೆರಿಗೆ ರಜೆಯಲ್ಲಿ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದಾದದ್ದೇ ಎಂಟು ವಾರ, ಅದೂ ಹೆರಿಗೆ ದಿನದ ಹಿಂದಿನ ಎಂಟು ವಾರ. ಎರಡನೇ ತಿಂಗಳಿನಲ್ಲಿ ಮಲಗಿದವಳಿಗೆ ಅದು ಏನು ಉಪಯೋಗ?

ಕಾಯ್ದೆ ಓದಿದಾಗ ಗೊತ್ತಾಯಿತು. 1961ರ ಹೆರಿಗೆ ಸೌಲಭ್ಯ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ, ಬಸಿರಿನಿಂದ ಉಂಟಾದ ಕಾಯಿಲೆಗೆ ವೈದ್ಯರ ದಾಖಲೆ ಕೊಟ್ಟರೆ, ಹೆರಿಗೆ ರಜೆಯ ಮೇಲೆ ಹೆಚ್ಚುವರಿಯಾಗಿ ಒಂದು ತಿಂಗಳವರೆಗೆ ಸಂಬಳ ಸಹಿತ ರಜೆಗೆ ಹಕ್ಕಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಅಂಶವನ್ನು ಉಳಿಸಿಕೊಂಡಿದ್ದಾರೆ. ನಾನು ಆ ಸೆಕ್ಷನ್ನಿನ ಪ್ರತಿಯನ್ನು ಡಿಸ್ಚಾರ್ಜ್ ಸಮ್ಮರಿಯ ಜೊತೆ ಕಳಿಸಿದೆ. ನಾಲ್ಕು ದಿನದಲ್ಲಿ ಮಂಜೂರಾಯಿತು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೀ ‘ವಾಂತಿ’ ಎಂದಿರದೆ ಕಾಯಿಲೆಯ ಪೂರ್ತಿ ಹೆಸರು ಇರಲಿ ಎಂದು ಡಾಕ್ಟರಲ್ಲಿ ಕೇಳಿ ಬರೆಸಿಕೊಳ್ಳಿ.

ಯಾವಾಗ ಆಸ್ಪತ್ರೆಗೆ ಹೊರಡಬೇಕು?

ಊರಿನಿಂದ ದೂರ ಇರುವ ನಮ್ಮ ಮನೆಗಳಲ್ಲಿ ‘ಇನ್ನೂ ಒಂದು ದಿನ ನೋಡೋಣ’ ಎಂದು ತೀರ್ಮಾನಿಸುವುದು ಇಬ್ಬರೇ, ಅದರಲ್ಲಿ ಒಬ್ಬಳಿಗೆ ತಲೆ ಎತ್ತಲೂ ತ್ರಾಣವಿಲ್ಲ. ಹಾಗಾಗಿ ಈ ಪಟ್ಟಿಯನ್ನು ಫ್ರಿಜ್ಜಿನ ಮೇಲೆ ಅಂಟಿಸಿಡಿ:

- ಇಡೀ ದಿನ ನೀರೂ ನಿಲ್ಲದಿದ್ದರೆ
- ಎಂಟು ಗಂಟೆ ಮೂತ್ರವೇ ಆಗದಿದ್ದರೆ, ಅಥವಾ ಕಡು ಬಣ್ಣದಲ್ಲಿ ತೀರಾ ಕಡಿಮೆ ಆಗುತ್ತಿದ್ದರೆ
- ತೂಕ ಶೇಕಡಾ 5ರಷ್ಟು ಇಳಿದಿದ್ದರೆ
- ಎದ್ದು ನಿಂತರೆ ತಲೆ ಸುತ್ತಿ ಬೀಳುವಂತಾದರೆ
- ವಾಂತಿಯಲ್ಲಿ ರಕ್ತ, ಜೊತೆಗೆ ಜ್ವರ ಅಥವಾ ಹೊಟ್ಟೆನೋವು ಇದ್ದರೆ
- ಕಣ್ಣು ಮಂಜಾದರೆ, ಎರಡೆರಡು ಕಂಡರೆ, ಮಾತು ತಡವರಿಸಿದರೆ
- ಮಲಗಿಯೇ ಇರುವವಳ ಒಂದು ಕಾಲು ಊದಿ ನೋಯುತ್ತಿದ್ದರೆ (ನೀರಿನಂಶ ಕಡಿಮೆಯಾದ ಬಸುರಿಗೆ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು)

ಇದಕ್ಕೆ ಇನ್ನೊಂದನ್ನು ಸೇರಿಸುತ್ತೇನೆ. “ಈ ಮಗು ಬೇಡ” ಅಥವಾ “ನಾನೇ ಬೇಡ” ಎಂದು ಅವಳ ಬಾಯಲ್ಲಿ ಬಂದರೆ. ನನ್ನ ಬಾಯಲ್ಲಿ ಬಂದಿತ್ತು. ನಾಲ್ಕು ವರ್ಷ ಕಾದು ಪಡೆದ ಬಸಿರು ಅದು. ಹತ್ತನೇ ವಾರದಲ್ಲಿ ಒಂದು ರಾತ್ರಿ ಗಂಡನಿಗೆ ‘ತೆಗೆಸಿಬಿಡೋಣ’ ಎಂದೆ. ಆತ ವಾದ ಮಾಡಲಿಲ್ಲ, ಬುದ್ಧಿ ಹೇಳಲಿಲ್ಲ. “ಬೆಳಿಗ್ಗೆ ಡಾಕ್ಟರಿಗೆ ಇದನ್ನೂ ಹೇಳೋಣ” ಎಂದ. ಹೇಳಿದೆವು. ಆಕೆಗೆ ಆಶ್ಚರ್ಯವಾಗಲಿಲ್ಲ. ಇದರಲ್ಲಿ ನರಳುವ ಬಹಳ ಹೆಂಗಸರಿಗೆ ಹಾಗನ್ನಿಸುತ್ತದೆ ಎಂದರು, ಔಷಧ ಬದಲಿಸಿದರು, ವಾರಕ್ಕೆ ಎರಡು ಸಲ ಬಂದು ಡ್ರಿಪ್ ಹಾಕಿಸಿಕೊಂಡು ಹೋಗುವ ವ್ಯವಸ್ಥೆ ಮಾಡಿದರು, ಒಬ್ಬ ಆಪ್ತಸಮಾಲೋಚಕಿಯ ಹತ್ತಿರವೂ ಕಳಿಸಿದರು. ಅದು ಮಗುವಿನ ಮೇಲಿನ ದ್ವೇಷವಲ್ಲ, ಒಂದು ರಾತ್ರಿ ನಿದ್ದೆಗಾಗಿ ಹಾಕಿದ ಕೂಗು. ಕೇಳುವವರು ಹಾಗೆ ಕೇಳಿಸಿಕೊಂಡರೆ ಸಾಕು.

‘ಎರಡನೆಯದು ಯಾವಾಗ?’

ಹದಿನಾರನೇ ವಾರದ ಒಂದು ಬೆಳಿಗ್ಗೆ ಎದ್ದು ಎರಡು ಇಡ್ಲಿ ತಿಂದೆ, ಅವು ಒಳಗೇ ಉಳಿದವು. ಇಪ್ಪತ್ತನೇ ವಾರಕ್ಕೆ ಅಡುಗೆಮನೆಗೆ ಕಾಲಿಟ್ಟೆ. ಮಗಳು 2.7 ಕೆ.ಜಿ. ತೂಗಿ ಆರೋಗ್ಯವಾಗಿ ಹುಟ್ಟಿದಳು.

ಈಗ ಊರಿಗೆ ಹೋದಾಗಲೆಲ್ಲ ಮದುವೆ ಮನೆಗಳಲ್ಲಿ ಒಂದೇ ಪ್ರಶ್ನೆ: “ಇನ್ನೊಂದು ಯಾವಾಗ? ಒಂದೇ ಆದರೆ ಹೇಗೆ?” ಒಮ್ಮೆ ಅತಿವಾಂತಿ ಆದವರಿಗೆ ಮುಂದಿನ ಬಸಿರಿನಲ್ಲೂ ಮರುಕಳಿಸುವ ಸಾಧ್ಯತೆ ಹೆಚ್ಚು. ಅದನ್ನು ಮೊದಲೇ ತಿಳಿದು, ಮೊದಲ ವಾರದಿಂದಲೇ ಔಷಧ ಶುರುಮಾಡಿ, ಆಫೀಸಿಗೂ ಮನೆಗೂ ಹೇಳಿ, ತಯಾರಾಗಿ ಎರಡನೆಯದಕ್ಕೆ ಹೋಗುವವರಿದ್ದಾರೆ. ಜಿಡಿಎಫ್15ಗೆ ಮೈಯನ್ನು ಮುಂಚೆಯೇ ರೂಢಿ ಮಾಡಿಸಬಹುದೇ ಎಂದು ವಿಜ್ಞಾನಿಗಳು ನೋಡುತ್ತಿದ್ದಾರೆ. ಇಲಿಗಳಲ್ಲಿ ಅದು ಕೆಲಸ ಮಾಡಿದೆ. ನನ್ನ ಮಗಳ ಕಾಲಕ್ಕೆ ಹೆಂಗಸರಿಗೂ ಆದೀತು. ನಾವಿಬ್ಬರು ಮಾತ್ರ ಒಂದೇ ಸಾಕು ಎಂದು ನಿರ್ಧರಿಸಿದೆವು. ಅತ್ತೆಗೆ ಮೊದಲು ಬೇಜಾರಾಯಿತು. ಆಸ್ಪತ್ರೆಯಲ್ಲಿ ಮೂರನೇ ಸಲ ನನ್ನ ಮಗ್ಗುಲಲ್ಲಿ ಕೂತು ಬೇಸಿನ್ ಹಿಡಿದಿದ್ದವರು ಅವರೇ. ಈಗ ಯಾರಾದರೂ ಆ ಪ್ರಶ್ನೆ ಕೇಳಿದರೆ ನನಗಿಂತ ಮುಂಚೆ ಅವರೇ, “ಒಂದು ಬಂಗಾರದಂಗೈತಲ್ಲ, ಸಾಕು ಬಿಡ್ರಿ” ಅಂದುಬಿಡುತ್ತಾರೆ.

ರಾತ್ರಿ ಎರಡಕ್ಕೆ ಮೆಸೇಜು ಮಾಡಿದ ಹುಡುಗಿಗೆ ನಾನು ಮೊದಲು ಬರೆದದ್ದು ಮೂರೇ ಸಾಲು. ‘ನಿನ್ನನ್ನು ನಾನು ನಂಬುತ್ತೇನೆ. ಇವತ್ತಿನ ತೂಕ ಎಷ್ಟು? ಮೂತ್ರ ಕೊನೆಯ ಸಲ ಆದದ್ದು ಎಷ್ಟು ಹೊತ್ತಿಗೆ?’ ಬೆಳಿಗ್ಗೆ ಅವಳು ಅಡ್ಮಿಟ್ ಆದಳು, ಈಗ ಚೇತರಿಸಿಕೊಳ್ಳುತ್ತಿದ್ದಾಳೆ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ, ನಿಮ್ಮ ತಂಡದಲ್ಲಿ, ನಿಮ್ಮ ಮನೆಯಲ್ಲಿ ಇಂಥವಳೊಬ್ಬಳು ಇರಬಹುದು. ಅವಳಿಗೆ ಬಯಕೆಯ ತಿಂಡಿ ಮಾಡಿಕೊಂಡು ಹೋಗುವ ಮೊದಲು ಈ ಎರಡು ಪ್ರಶ್ನೆ ಕೇಳಿ. ಉತ್ತರ ಸರಿ ಬರದಿದ್ದರೆ ಆಟೋ ಕರೆಯಿರಿ.